ಮನೆಯ ಕಾರಿಗೆ ಟಾರ್ಕ್ ವ್ರೆಂಚ್: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು



ಪಳನಿಯಿಂದ ಕೊಡೈಕೆನಾಲ್, ಕಂಬಂನಿಂದ ಕುಮಳಿ, ಬೋಡಿಯಿಂದ ಬೋಡಿಮೆಟ್ಟು. ನಮ್ಮ ಕಡೆಯ ಕಾರುಗಳಿಗೆ ಘಾಟಿ ರಸ್ತೆ ತಪ್ಪಿದ್ದಲ್ಲ. ಶಬರಿಮಲೆ ಯಾತ್ರೆ ಮತ್ತು ತೈಪೂಸದ ದಿನಗಳಲ್ಲಂತೂ ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಹೊರಡುತ್ತಾರೆ. ಅಂಥ ಪ್ರಯಾಣದಲ್ಲಿ ಚಕ್ರವನ್ನು ಹಿಡಿದಿಟ್ಟಿರುವುದು ನಾಲ್ಕೋ ಐದೋ ವೀಲ್ ನಟ್‌ಗಳು. ಅವನ್ನು ಎಷ್ಟು ಬಿಗಿಯಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ಆ ಲೆಕ್ಕವನ್ನು ತೋರಿಸುವ ಸಾಧನವೇ ಟಾರ್ಕ್ ವ್ರೆಂಚ್.

ಏಕೆ ಬೇಕು?

ಸಣ್ಣ ಕಾರುಗಳ ವೀಲ್ ನಟ್‌ಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್-ಮೀಟರ್ ಬಿಗಿ ಸಾಕು. ನಿಮ್ಮ ಕಾರಿನ ಸರಿಯಾದ ಅಂಕಿ ಕಾರಿನ ಜೊತೆ ಬಂದ ಕೈಪಿಡಿಯಲ್ಲಿರುತ್ತದೆ, ಅದನ್ನೇ ನಂಬಿ. ಈಗ 60 ಕಿಲೋ ತೂಕದವರೊಬ್ಬರು 30 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ಮೇಲೆ ಹತ್ತಿ ನಿಂತರೆ ಬೀಳುವುದು ಸುಮಾರು 175 ನ್ಯೂಟನ್-ಮೀಟರ್. ಇದರಿಂದ ಬೋಲ್ಟ್ ಎಳೆದುಕೊಳ್ಳುತ್ತದೆ, ಮರೆ ಹಾಳಾಗುತ್ತದೆ. ಒಂದು ದಿನ ಮುರಿಯಲೂಬಹುದು. ಘಾಟಿಯ ತಿರುವಿನಲ್ಲಿ ಪಂಕ್ಚರ್ ಆದಾಗ ಅದೇ ನಟ್ ನಮ್ಮ ಕೈಗೆ ಬಿಚ್ಚುವುದಿಲ್ಲ. ಬಿಗಿ ಕಡಿಮೆಯಾದರೆ ನಟ್ ತಾನಾಗಿಯೇ ಸಡಿಲವಾಗುತ್ತದೆ. ಎರಡೂ ಅಪಾಯವೇ.

ಯಾವ ಬಗೆ?

*ಬೀಮ್ ಬಗೆ:* ಕಂಬಿ ಬಾಗುತ್ತದೆ, ಮುಳ್ಳು ಅಂಕಿ ತೋರಿಸುತ್ತದೆ. ಅಗ್ಗ, ಕೆಡುವುದು ಅಪರೂಪ. ಆದರೆ ಮುಳ್ಳನ್ನು ನೇರವಾಗಿ ನೋಡುತ್ತಲೇ ಬಿಗಿಯಬೇಕು.

*ಕ್ಲಿಕ್ ಬಗೆ:* ಬೇಕಾದ ಅಂಕಿಗೆ ಹಿಡಿಯನ್ನು ತಿರುಗಿಸಿಟ್ಟರೆ, ಆ ಬಿಗಿ ಬಂದಾಗ ‘ಟಕ್’ ಎನ್ನುತ್ತದೆ. ಮನೆಬಳಕೆಗೆ ಇದೇ ಅನುಕೂಲ.

*ಡಿಜಿಟಲ್ ಬಗೆ:* ಓದಲು ಸುಲಭ. ಬೆಲೆ ಹೆಚ್ಚು, ಬ್ಯಾಟರಿಯ ಚಿಂತೆಯೂ ಇದೆ.

ಕೊಳ್ಳುವಾಗ ನೋಡಬೇಕಾದದ್ದು

1. ನಿಮ್ಮ ವೀಲ್ ನಟ್‌ನ ಅಂಕಿ ವ್ರೆಂಚಿನ ಅಳತೆಯ ನಡುಭಾಗದಲ್ಲಿ ಬರಬೇಕು. 100ರ ಆಸುಪಾಸಿನ ನಟ್‌ಗೆ 40ರಿಂದ 200ರವರೆಗಿನ, ಅರ್ಧ ಇಂಚು ಡ್ರೈವ್‌ನ ವ್ರೆಂಚ್ ಸರಿ. ದೊಡ್ಡದು ಕೊಂಡರೆ ಎಲ್ಲಕ್ಕೂ ಆದೀತು ಎಂದುಕೊಳ್ಳಬೇಡಿ. ಸ್ಪಾರ್ಕ್ ಪ್ಲಗ್‌ನಂಥ ಸಣ್ಣ ಕೆಲಸಕ್ಕೆ ಬೇರೆಯದೇ ಚಿಕ್ಕ ವ್ರೆಂಚ್ ಬೇಕು.

2. ಐಎಸ್‌ಒ 6789 ಎಂಬ ಮಾನಕದ ಹೆಸರಿರಲಿ. 10 ನ್ಯೂಟನ್-ಮೀಟರ್‌ಗಿಂತ ದೊಡ್ಡ ಕ್ಲಿಕ್ ವ್ರೆಂಚಿಗೆ ಅದು ಒಪ್ಪುವ ವ್ಯತ್ಯಾಸ ಶೇ. 4ರಷ್ಟು ಮಾತ್ರ. ಜೊತೆಗೆ ಬರುವ ಪ್ರಮಾಣಪತ್ರದ ಕ್ರಮಸಂಖ್ಯೆಯೂ ವ್ರೆಂಚಿನ ಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು.

3. ಅಳತೆಪಟ್ಟಿ ಯಾವುದೆಂದು ನೋಡಿ. 1 ಅಡಿ-ಪೌಂಡ್ ಎಂದರೆ 1.36 ನ್ಯೂಟನ್-ಮೀಟರ್, 1 ಕಿಲೋಗ್ರಾಂ-ಮೀಟರ್ ಎಂದರೆ 9.8. ತಪ್ಪಿ ಅಡಿ-ಪೌಂಡ್ ಪಟ್ಟಿಯಲ್ಲಿ 100 ಇಟ್ಟರೆ ನಟ್‌ಗೆ 136 ಬಿದ್ದಂತೆ.

4. ಇಟ್ಟ ಅಂಕಿ ಜಾರದಂತೆ ಲಾಕ್ ಗಟ್ಟಿಯಾಗಿರಬೇಕು. ಅಂಕಿಗಳು ಅಳಿಸಿಹೋಗದಂತೆ ಕೆತ್ತಿರಬೇಕು.

ಮನೆಯಲ್ಲೇ ಒಂದು ಪರೀಕ್ಷೆ

ವ್ರೆಂಚಿನ ಚೌಕ ತುದಿಯನ್ನು ಗಟ್ಟಿಯಾದ ವೈಸ್‌ಗೆ ಕಚ್ಚಿಸಿ, ಹಿಡಿ ನೆಲಕ್ಕೆ ಸಮನಾಗಿರಲಿ. ಚೌಕದ ನಡುವಿನಿಂದ 40 ಸೆಂಟಿಮೀಟರ್ ಅಳೆದು ಗುರುತು ಹಾಕಿ. ಕುಡಿಯುವ ನೀರಿನ 20 ಲೀಟರ್ ಕ್ಯಾನನ್ನು ತೂಗಿ, ಹಗ್ಗದಿಂದ ಅಲ್ಲಿ ನಿಧಾನವಾಗಿ ಇಳಿಬಿಡಿ. ಕ್ಯಾನ್ 20.5 ಕಿಲೋ ಇದ್ದರೆ ಬೀಳುವುದು ಸುಮಾರು 80 ನ್ಯೂಟನ್-ಮೀಟರ್. ವ್ರೆಂಚಿನ ಸ್ವಂತ ತೂಕ ಇನ್ನೊಂದೆರಡು ಸೇರಿಸುತ್ತದೆ. 70ಕ್ಕೆ ಇಟ್ಟಾಗ ‘ಟಕ್’ ಎನ್ನಬೇಕು, 95ಕ್ಕೆ ಇಟ್ಟಾಗ ಎನ್ನಬಾರದು. ಕ್ಯಾನಿನ ಕೆಳಗೆ ಕಾಲಿಡಬೇಡಿ. ಇದು ಒರಟು ಪರೀಕ್ಷೆ. ಪೂರ್ತಿ ಕೆಟ್ಟ ವ್ರೆಂಚನ್ನು ಮಾತ್ರ ಹಿಡಿದುಕೊಡುತ್ತದೆ. ನಿಖರ ತಪಾಸಣೆ ಬೇಕಾದರೆ ಎನ್‌ಎಬಿಎಲ್ ಮಾನ್ಯತೆ ಪಡೆದ ಕ್ಯಾಲಿಬ್ರೇಷನ್ ಪ್ರಯೋಗಾಲಯಕ್ಕೆ ಕೊಡಿ. ವರ್ಷಕ್ಕೊಮ್ಮೆ ಅಥವಾ 5,000 ಬಳಕೆಗೊಮ್ಮೆ ತಪಾಸಣೆ ಎಂಬುದು ವಾಡಿಕೆಯ ಲೆಕ್ಕ.

ಬಳಸುವಾಗ

- ನಟ್ ಬಿಚ್ಚಲು ಟಾರ್ಕ್ ವ್ರೆಂಚ್ ಬಳಸಬೇಡಿ. ಅದಕ್ಕೆ ಮಾಮೂಲಿ ವೀಲ್ ಸ್ಪ್ಯಾನರ್ ಇದೆ.
- ಮರೆಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಹಚ್ಚಿದರೆ ಅದೇ ಅಂಕಿಯಲ್ಲೂ ಬಿಗಿ ಅತಿಯಾಗುತ್ತದೆ.
- ಮೊದಲು ಕೈಯಲ್ಲೇ ನಟ್ ಕೂರಿಸಿ. ಜಾಕಿ ಇಳಿಸಿ, ಚಕ್ರ ನೆಲಕ್ಕೆ ತಾಗಿದ ಮೇಲೆ ಎದುರುಬದುರು ನಟ್‌ಗಳನ್ನು ಸರದಿಯಂತೆ ಬಿಗಿಯಿರಿ.
- ಹಿಡಿಯ ನಡುವೆ ಹಿಡಿದು ನಿಧಾನವಾಗಿ ಎಳೆಯಿರಿ. ‘ಟಕ್’ ಕೇಳಿದೊಡನೆ ನಿಲ್ಲಿಸಿ. ಇನ್ನೊಮ್ಮೆ ಎಳೆದರೆ ಬಿಗಿ ಹೆಚ್ಚಾದೀತು.
- 50ರಿಂದ 100 ಕಿಲೋಮೀಟರ್ ಓಡಿದ ನಂತರ ಮತ್ತೊಮ್ಮೆ ನೋಡಿ.
- ಕೆಲಸ ಮುಗಿದ ಮೇಲೆ ಕ್ಲಿಕ್ ವ್ರೆಂಚನ್ನು ಅಳತೆಪಟ್ಟಿಯ ಅತಿ ಕಡಿಮೆ ಅಂಕಿಗೆ ತಂದು ಪೆಟ್ಟಿಗೆಯಲ್ಲಿಡಿ. ಅದಕ್ಕಿಂತ ಕೆಳಗೆ ಬಿಚ್ಚಬೇಡಿ. ಕೈತಪ್ಪಿ ಬಿದ್ದರೆ ಮತ್ತೆ ಪರೀಕ್ಷಿಸದೆ ಬಳಸಬೇಡಿ.

ಕೊನೆಯದಾಗಿ ಒಂದು ಮಾತು. ಕೈಪಿಡಿಯಲ್ಲಿರುವ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಕನ್ನಡ, ಪಂಕ್ಚರ್ ಅಂಗಡಿಯಲ್ಲಿ ತಮಿಳು, ಘಾಟಿ ದಾಟಿದರೆ ಮಲಯಾಳ; ಅಂಕಿ ಮಾತ್ರ ಎಲ್ಲ ಕಡೆಯೂ ಅದೇ. ಗಾಳಿ ಗನ್‌ನಿಂದ ಬಿಗಿದುಕೊಟ್ಟರೂ ಮನೆಗೆ ಬಂದು ಬರೀ ಪರೀಕ್ಷಿಸಿ ಬಿಡಬೇಡಿ: ಅತಿಯಾಗಿ ಬಿಗಿದಿದ್ದರೂ ವ್ರೆಂಚ್ ‘ಟಕ್’ ಎಂದೇ ಹೇಳುತ್ತದೆ. ನಟ್‌ಗಳನ್ನು ಒಂದೊಂದಾಗಿ ಸಡಿಲಿಸಿ, ಮತ್ತೆ ಸರಿಯಾದ ಅಂಕಿಗೆ ಬಿಗಿದು ಆಮೇಲೆ ಘಾಟಿ ಹತ್ತಿ.