ಒಡಕು ಸ್ವರದ ಚರಿತ್ರೆ

ಸ್ವರ ಒಡೆದರೆ ಅದು ದೋಷ ಎಂದು ನಂಬಿ ಬೆಳೆದವನು ನಾನು. ಬಯಲಾಟದಲ್ಲಿ ಭಾಗವತರ ಪದ ಮೇಲಕ್ಕೇರುವ ಹೊತ್ತಿಗೆ ಧ್ವನಿವರ್ಧಕ ಗೊರಗೊರ ಎಂದರೆ ಸಭೆಯವರೆಲ್ಲ ಮೈಕಿನವನತ್ತ ತಿರುಗಿ ನೋಡುತ್ತಿದ್ದರು. ಹಾಗಿರುವಾಗ ಕಾಲೇಜಿಗೆ ಹೋಗುವ ನನ್ನ ಮಗ ಮನೆಯ ಕಂಪ್ಯೂಟರಿನಲ್ಲಿ ತನ್ನ ಗಿಟಾರನ್ನು ಧ್ವನಿಮುದ್ರಿಸಿ, ಬೇಕೆಂದೇ ಅದರ ಸ್ವರವನ್ನು ಒಡೆಯುವುದನ್ನು ಕಂಡು ನನಗೆ ಸುಮ್ಮನಿರಲಾಗಲಿಲ್ಲ.

“ಚಂದದ ಸ್ವರವನ್ನು ಯಾಕೆ ಹಾಳು ಮಾಡುತ್ತೀ ಮಾರಾಯ?”

“ಇದಕ್ಕೂ ಚರಿತ್ರೆ ಉಂಟು ಅಪ್ಪ. ಬಿ.ಎ.ಯಲ್ಲಿ ಚರಿತ್ರೆ ಓದಿದವರಲ್ಲವಾ ನೀವು?”

ಮಾತು ಕುಟುಕಿತು. ಬ್ಯಾಂಕಿನಿಂದ ಬಂದ ಮೇಲೆ ರಾತ್ರಿ ಕುಳಿತು ಹುಡುಕಿ ಓದಿದೆ. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

1951ರ ಮಾರ್ಚಿನಲ್ಲಿ ಐಕ್ ಟರ್ನರ್ ಎಂಬವರ ತಂಡ ಅಮೆರಿಕದ ಮಿಸಿಸಿಪ್ಪಿಯಿಂದ ಮೆಂಫಿಸ್ ನಗರಕ್ಕೆ ‘ರಾಕೆಟ್ 88’ ಎಂಬ ಹಾಡನ್ನು ಧ್ವನಿಮುದ್ರಿಸಲು ಹೊರಟಿತು. ದಾರಿಯಲ್ಲಿ ಗಿಟಾರಿನ ಆಂಪ್ಲಿಫಯರ್ ಕೆಟ್ಟಿತು. ಕಾರಿನ ಮೇಲಿಂದ ಬಿತ್ತೆಂದು ಕೆಲವರು, ಮಳೆಗೆ ನೆನೆಯಿತೆಂದು ಕೆಲವರು ಹೇಳುತ್ತಾರೆ. ಹರಿದ ಸ್ಪೀಕರಿಗೆ ಕಾಗದ ತುರುಕಿ ವಿಲ್ಲಿ ಕಿಝಾರ್ಟ್ ಅದರಲ್ಲೇ ನುಡಿಸಿದರು. ಸ್ಟುಡಿಯೋದ ಸ್ಯಾಮ್ ಫಿಲಿಪ್ಸ್ ಅವರಿಗೆ ಆ ಗರಗರ ಸದ್ದು ಹಿಡಿಸಿತು. ಆ ಹಾಡು ಗೆದ್ದಿತು. 1958ರಲ್ಲಿ ಲಿಂಕ್ ರೇ ಎಂಬ ವಾದಕ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸರಿಯಾಗಿದ್ದ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಮಾಡಿ ‘ರಂಬಲ್’ ನುಡಿಸಿದರು. ಅದರಲ್ಲಿ ಒಂದು ಶಬ್ದವೂ ಇಲ್ಲ, ಬರೀ ವಾದ್ಯ. ಆದರೂ ಕೆಲವು ರೇಡಿಯೋ ಕೇಂದ್ರಗಳು ಅದನ್ನು ನಿಷೇಧಿಸಿದವು!

ನನಗೆ ಬಹಳ ಇಷ್ಟವಾದದ್ದು ನ್ಯಾಶ್‌ವಿಲ್ ನಗರದ ಪ್ರಸಂಗ. ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಮೆಲುದನಿಯ ಹಾಡು. ಅದರ ನಡುವೆ ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಗಿಟಾರು ಕೋಣನ ಕೂಗಿನಂತೆ ಕೇಳಿಸಿತು. ಧ್ವನಿಮುದ್ರಣ ಯಂತ್ರದೊಳಗಿನ ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು. ನಮ್ಮ ಬ್ಯಾಂಕಿನಲ್ಲಾದರೆ ತಪ್ಪು ಕಂಡ ಕೂಡಲೇ ಹೊಡೆದುಹಾಕಿ ಪಕ್ಕದಲ್ಲಿ ರುಜು ಹಾಕಬೇಕು. ಅಲ್ಲಿ ಅದನ್ನು ಹಾಗೆಯೇ ಉಳಿಸಿದರು. 1961ರಲ್ಲಿ ಹಾಡು ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲನೆಯದಾಯಿತು. ಬೇರೆಯವರೂ ಆ ಸದ್ದನ್ನು ಕೇಳಿಕೊಂಡು ಬರುವಷ್ಟರಲ್ಲಿ ಕೆಟ್ಟ ಟ್ರಾನ್ಸ್‌ಫಾರ್ಮರು ಪೂರ್ತಿ ಸತ್ತಿತ್ತು. ಆಗ ಇಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದೋಷವನ್ನು ಟ್ರಾನ್ಸಿಸ್ಟರುಗಳಿಂದ ಮರಳಿ ಕಟ್ಟಿದರು. ಗಿಬ್ಸನ್ ಕಂಪೆನಿ 1962ರಲ್ಲಿ ಅದನ್ನು ಕಾಲಿನಿಂದ ಒತ್ತುವ ಪೆಟ್ಟಿಗೆಯಾಗಿ, ‘ಮೇಸ್ಟ್ರೋ ಫಝ್ ಟೋನ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಮೊದಲು ಅಷ್ಟಾಗಿ ಖರ್ಚಾಗಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿನಲ್ಲಿ ಬಳಸಿದ ಮೇಲೆ ಅಂಗಡಿಗಳಲ್ಲಿ ಸಿಗದಾಯಿತು. ತಮಾಷೆಯೆಂದರೆ, ಆ ಜಾಗಕ್ಕೆ ಆಮೇಲೆ ಕಹಳೆ ಸೇರಿಸಬೇಕೆಂದು ಅವರು ಎಣಿಸಿದ್ದರಂತೆ.

ಸ್ವರ ಒಡೆಯುವುದೆಂದರೇನು? ಸ್ವರ ಏರಿಳಿಯುವ ಅಲೆ. ಯಂತ್ರಕ್ಕೆ ಹೊರಲಾಗದಷ್ಟು ದೊಡ್ಡ ಅಲೆ ಬಂದರೆ ತುದಿ ಚಪ್ಪಟೆಯಾಗಿ, ಮೂಲದಲ್ಲಿಲ್ಲದ ಉಪಸ್ವರಗಳು ಹುಟ್ಟುತ್ತವೆ. ಹಳೆಯ ವಾಲ್ವ್ ಆಂಪ್ಲಿಫಯರು ತುದಿಯನ್ನು ಮೆಲ್ಲಗೆ ಬಾಗಿಸುತ್ತದೆ. ಕಂಪ್ಯೂಟರಿಗೆ ಹೋಗುವ ದಾರಿಯಲ್ಲಿ ಮಿತಿ ಮೀರಿದರೆ ಕತ್ತಿಯಿಂದ ಕಡಿದಂತೆಯೇ ಸರಿ. ಹಲವು ಸ್ವರಗಳನ್ನು ಒಟ್ಟಿಗೆ ಒಡೆದರೆ ಕಲಸುಮೇಲೋಗರವಾಗುತ್ತದೆ. ಹಾಗಾಗಿ ಈ ಹುಡುಗರು ಹೆಚ್ಚಾಗಿ ಷಡ್ಜ ಪಂಚಮಗಳನ್ನಷ್ಟೇ ಮೀಟುತ್ತಾರೆ. ನಮ್ಮ ತಂಬೂರಿಯ ಜೋಡಿಯೂ ಅದೇ ಅಲ್ಲವೇ? ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿಟ್ಟು ಝೇಂಕಾರ ಹುಟ್ಟಿಸುತ್ತೇವೆ. ಆ ನೂಲಿಗೆ ಜೀವ ಎಂದೇ ಹೆಸರು. ವಿಧಾನ ಬೇರೆ, ಆದರೆ ಬರಿಯ ತಂತಿ ಸಾಲದೆಂಬ ಆಸೆ ಒಂದೇ ಎಂದು ನನಗನಿಸಿತು.

ಬೇರೆ ಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿ ಜೋಡಿಸುವ ವಿದ್ಯೆ ಮನೆಗೆ ಬಂದದ್ದು ನಿಧಾನವಾಗಿ. ಗಿಟಾರ್ ವಾದಕ ಲೆಸ್ ಪಾಲ್ 1957ರಲ್ಲಿ ಎಂಟು ಟ್ರ್ಯಾಕಿನ ಯಂತ್ರವನ್ನು ಮನೆಗೆ ತರಿಸಿದರು. 1979ರಲ್ಲಿ ಟೀಯಾಕ್ ಕಂಪೆನಿಯ ‘ಪೋರ್ಟಾಸ್ಟುಡಿಯೋ’ ಸಾದಾ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕ್ ಕೊಟ್ಟಿತು. 2000ದಲ್ಲಿ ಬಂದ ‘ಅಡಾಸಿಟಿ’ ತಂತ್ರಾಂಶಕ್ಕೆ ದುಡ್ಡೇ ಬೇಡ. ಆಂಪ್ಲಿಫಯರಿಲ್ಲದೆ ಸ್ವರ ಒಡೆಯುವುದಕ್ಕೂ ಹಳೆಯ ಉದಾಹರಣೆಯಿದೆ. 1968ರಲ್ಲಿ ಬೀಟಲ್ಸ್ ತಂಡ ‘ರೆವಲ್ಯೂಷನ್’ ಹಾಡಿನಲ್ಲಿ ಗಿಟಾರಿನ ವಯರನ್ನು ನೇರವಾಗಿ ಸ್ಟುಡಿಯೋದ ಕನ್ಸೋಲಿಗೆ ಸಿಕ್ಕಿಸಿ, ಮಿತಿಮೀರಿ ತಳ್ಳಿತು.

ಮಗನ ಕ್ರಮ ಹಾಗಲ್ಲ. ಮೊದಲು ಗಿಟಾರನ್ನು ಶುದ್ಧವಾಗಿ, ಸೊನ್ನೆಯ ಗೆರೆಗಿಂತ ಹತ್ತು ಹನ್ನೆರಡು ಡೆಸಿಬೆಲ್ ಕೆಳಗೆ ಮುದ್ರಿಸುತ್ತಾನೆ. ಆ ಟ್ರ್ಯಾಕಿನ ನಕಲು ಮಾಡಿ, ನಕಲಿಗೆ ಮಾತ್ರ ಡಿಸ್ಟಾರ್ಶನ್ ಕೊಡುತ್ತಾನೆ. ಗಿಟಾರಿನ ಸ್ಪೀಕರು ಸುಮಾರು 5000 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಹೆಚ್ಚು ಹೊರಬಿಡುವುದಿಲ್ಲ. ಆದ್ದರಿಂದ ಆ ಅಂಶವನ್ನು ಫಿಲ್ಟರಿನಿಂದ ತೆಗೆಯಬೇಕು. ಇಲ್ಲವಾದರೆ ಕಣಜದ ಗೂಡಿಗೆ ಕಲ್ಲು ಬಿದ್ದಂತೆ. ಬೇಡವೆನಿಸಿದರೆ ಮೂಲ ಅಲ್ಲೇ ಇದೆ.

ಇದನ್ನು ಕೇಳುವಾಗ ನನಗೆ ದೊಡ್ಡಮ್ಮನ ನೆನಪಾಯಿತು. ಮನೆಯಲ್ಲಿ ಶೋಭಾನೆ ಹಾಡುಗಳು ಬಾಯಿಪಾಠವಿದ್ದದ್ದು ಅವರಿಗೆ. ಅವರು ತೀರಿಕೊಳ್ಳುವ ಮೊದಲಿನ ವರ್ಷ ನಾನೇ ಮೈಕು ಹಿಡಿದು ಏಳು ಹಾಡು ಮುದ್ರಿಸಿದ್ದೆ. ಮುದುಕಿಯ ಸ್ವರ ಸಣ್ಣದೆಂದು ಮಟ್ಟವನ್ನು ಪೂರ್ತಿ ಏರಿಸಿದ್ದೆ. ಅವರು ಸ್ವರ ಎತ್ತಿದಲ್ಲೆಲ್ಲ ಅಲೆಯ ತಲೆ ಹಾರಿಹೋಗಿದೆ, ಅಕ್ಷರ ಗುರುತಾಗುವುದಿಲ್ಲ. ಅದಕ್ಕೆ ನಕಲೂ ಇಲ್ಲ, ಮೂಲವೂ ಇಲ್ಲ. ಒಡಕಿನ ಮೇಲೆ ನನಗಿದ್ದ ಸಿಟ್ಟು ಎಲ್ಲಿಂದ ಬಂದದ್ದೆಂದು ಮಗನಿಗೆ ಅಂದು ಹೇಳಿದೆ.

ಅವನು ‘ಕ್ಲಿಪ್ ಫಿಕ್ಸ್’ ಎಂಬುದನ್ನು ಪ್ರಯೋಗಿಸಿದ. ಹೋದ ತುದಿಯನ್ನು ಅದು ಊಹಿಸಿ ಬರೆಯುತ್ತದೆ. ಎರಡು ಹಾಡು ಸ್ವಲ್ಪ ಸುಧಾರಿಸಿದವು, ಉಳಿದ ಐದು ಇಲ್ಲ. ದೊಡ್ಡಮ್ಮನ ಜತೆ ಒಂದೇ ಅಡುಗೆಮನೆಯಲ್ಲಿ ಮೂವತ್ತು ವರ್ಷ ಹಾಡಿದ ನನ್ನ ಅಮ್ಮನನ್ನು ಕಳೆದ ಭಾನುವಾರ ಮೈಕಿನ ಮುಂದೆ ಕೂರಿಸಿದೆವು. ಮಟ್ಟ ನೋಡಿಕೊಂಡವನು ಮಗ. ಒಡೆದ ಕಡೆ ಕೇಳದಿದ್ದ ಶಬ್ದಗಳನ್ನು ಅಮ್ಮ ತುಂಬಿಸಿಕೊಟ್ಟರು. ಮೂರು ಹಾಡು ಮುಗಿದಿವೆ.