ಸಂಶೋಧನ ಶಿಕ್ಷಣದಲ್ಲಿ ಮಹಿಳೆಯರು ಮತ್ತು ಮಾರ್ಗದರ್ಶನ

ಪಿಎಚ್.ಡಿ. ಹಂತದಲ್ಲಿ ವಿದ್ಯಾರ್ಥಿಯ ಮುಂದಿನ ದಾರಿ ಬಹುಮಟ್ಟಿಗೆ ಒಬ್ಬ ಗೈಡ್‌ನ ಕೈಯಲ್ಲಿರುತ್ತದೆ. ಭಾರತದಲ್ಲಿ ಬಹುಕಾಲ ಆ ಸ್ಥಾನದಲ್ಲಿದ್ದವರು ಗಂಡಸರೇ. ಇದರ ಪರಿಣಾಮವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರಂಭದ ದಶಕಗಳಲ್ಲಿ ಸ್ಪಷ್ಟವಾಗಿ ಕಾಣಬಹುದು.

1933ರಲ್ಲಿ ಬಿ.ಎಸ್ಸಿ. ಮುಗಿಸಿದ ಕಮಲಾ ಭಾಗವತ್ (ಮುಂದೆ ಸೊಹೋನಿ) ಇಲ್ಲಿ ಅರ್ಜಿ ಹಾಕಿದಾಗ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಆಕೆಯ ತಂದೆ, ಚಿಕ್ಕಪ್ಪ ಇಬ್ಬರೂ ಇದೇ ಸಂಸ್ಥೆಯಲ್ಲಿ ಓದಿದವರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತುಗಳೊಂದಿಗೆ ಪ್ರವೇಶ ಸಿಕ್ಕಿತು: ಒಂದು ವರ್ಷ ಪರೀಕ್ಷಾರ್ಥ ಅವಧಿ, ಗೈಡ್ ಹೇಳಿದರೆ ರಾತ್ರಿಯೂ ಕೆಲಸ, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಈ ಕೊನೆಯ ಷರತ್ತನ್ನು ಯಾವ ಹುಡುಗನಿಗೂ ಹಾಕಿರಲಾರರು. ಗೈಡ್ ಎಂ. ಶ್ರೀನಿವಾಸಯ್ಯ ಶಿಸ್ತಿನವರು, ಆದರೆ ಬೆನ್ನಿಗೆ ನಿಂತರು. 1936ರಲ್ಲಿ ಎಂ.ಎಸ್ಸಿ. ಪಡೆದ ಕಮಲಾ ಕೇಂಬ್ರಿಡ್ಜ್‌ಗೆ ಹೋಗಿ, ಸಸ್ಯಗಳ ಸೈಟೋಕ್ರೋಮ್-ಸಿ ಕುರಿತ ಕೆಲಸಕ್ಕೆ 1939ರಲ್ಲಿ ಪಿಎಚ್.ಡಿ. ಗಳಿಸಿದರು. ಇಳಿವಯಸ್ಸಿನಲ್ಲೂ ರಾಮನ್ ಅವರ ಆ ನಡವಳಿಕೆಯನ್ನು ಅವರು ಮರೆಯಲಿಲ್ಲ.

ಮುಂದೆ ರಾಮನ್ ತಾವೇ ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡರು. ಪ್ರವೇಶವೇನೋ ದೊರೆಯಿತು, ಆದರೆ ಪ್ರಯೋಗಾಲಯದಲ್ಲಿ ಗಂಡುಹೆಣ್ಣು ಬೆರೆಯುವುದು ಅವರಿಗೆ ಸರಿಬರುತ್ತಿರಲಿಲ್ಲ. ಸಹಪಾಠಿಗಳ ಹರಟೆಯಲ್ಲಿ ಕಲಿಯುವುದೆಲ್ಲ ಹೆಣ್ಣುಮಕ್ಕಳಿಗೆ ತಪ್ಪಿಹೋಯಿತು, ನಷ್ಟ ಸಣ್ಣದಲ್ಲ. ರಾಮನ್ ಬಳಿ ವಜ್ರ, ಮಾಣಿಕ್ಯಗಳ ವರ್ಣಪಟಲ ಅಧ್ಯಯನ ಮಾಡಿದ ಅಣ್ಣಾ ಮಣಿ ಒಬ್ಬರೇ ಲೇಖಕಿಯಾಗಿ ಐದು ಪ್ರಬಂಧಗಳನ್ನು ಪ್ರಕಟಿಸಿ, 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಇಲ್ಲವೆಂಬ ನೆಪದಲ್ಲಿ ಪದವಿ ನಿರಾಕರಿಸಲಾಯಿತು. ಜೊತೆಯಲ್ಲಿದ್ದ ಸುನಂದಾ ಬಾಯಿ ಅವರಿಗೂ ಪಿಎಚ್.ಡಿ. ದಕ್ಕಲಿಲ್ಲ. ಮಣಿ ಹವಾಮಾನ ಉಪಕರಣಗಳತ್ತ ಹೊರಳಿ, ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು.

ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ (1922–2010) ಕೂಡ ರಾಮನ್ ಬಳಿ ಕೆಲಸ ಮಾಡಬಯಸಿದ್ದರು. ಭೌತವಿಜ್ಞಾನದ ಪದವಿ ಇಲ್ಲವೆಂದು ಅದು ಕೈಗೂಡದೆ, ಅದೇ ಸಂಸ್ಥೆಯಲ್ಲಿ ವಿದ್ಯುತ್ ಸಂವಹನದ ಸಂಶೋಧನೆಗೆ ಸೇರಿದರು. ಮಿಷಿಗನ್‌ನಲ್ಲಿ ಪಿಎಚ್.ಡಿ. ಪಡೆದು 1953ರಲ್ಲಿ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿ, 20 ಮಂದಿಯ ಪಿಎಚ್.ಡಿ.ಗೆ ತಾವೇ ಗೈಡ್ ಆದರು.

ನಿಯಮಗಳು ಬದಲಾಗಲು ದಶಕಗಳು ಹಿಡಿದವು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2016ರ ಪಿಎಚ್.ಡಿ. ನಿಯಮಾವಳಿ ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ಅವಧಿಯನ್ನೂ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯನ್ನೂ ಕೊಟ್ಟಿತು. ಮದುವೆ ಮುಂತಾದ ಕಾರಣದಿಂದ ಊರು ಬಿಡುವ ಸಂಶೋಧಕಿ ತನ್ನ ದತ್ತಾಂಶವನ್ನು ಹೊಸ ವಿಶ್ವವಿದ್ಯಾಲಯಕ್ಕೆ ಒಯ್ಯಲೂ ಅದು ಅವಕಾಶ ನೀಡಿತು. ಆವರೆಗಿನ ಕೆಲಸದ ಶ್ರೇಯವನ್ನು ಮಾತ್ರ ಹಳೆಯ ಗೈಡ್‌ಗೆ ಸಲ್ಲಿಸಬೇಕಿತ್ತು.