ಗೂಡು ಕಳೆದುಕೊಂಡ ಗೋಪುರ

ಚೀನಾದ ಝೆಜಿಯಾಂಗ್ ಪ್ರಾಂತ್ಯದ ವೆನ್‌ಝೌ ನಗರದೆದುರು ಹರಿಯುವ ಓ ನದಿಯಲ್ಲಿ ಜಿಯಾಂಗ್‌ಶಿನ್ ಎಂಬ ಕಿರುದ್ವೀಪವಿದೆ. ‘ನದಿಯ ಹೃದಯ’ವೆಂದು ಆ ಹೆಸರಿನ ಅರ್ಥ. ಮೊದಲು ಅಲ್ಲಿದ್ದುದು ಎರಡು ನಡುಗಡ್ಡೆಗಳು. ಪೂರ್ವದ ಗುಡ್ಡದ ಮೇಲೆ ಕ್ರಿ.ಶ. 869ರಲ್ಲಿ, ಪಶ್ಚಿಮದ ಗುಡ್ಡದ ಮೇಲೆ 969ರಲ್ಲಿ ಬೌದ್ಧ ಗೋಪುರಗಳು ಎದ್ದವು. 1137ರಲ್ಲಿ ಚಿಂಗ್‌ಲಿಯಾವೊ ಎಂಬ ಭಿಕ್ಷುವು ನಡುವಣ ನೀರಹಾದಿಯನ್ನು ತುಂಬಿಸಿ, ಆ ಹೊಸ ನೆಲದ ಮೇಲೆಯೇ ವಿಹಾರವನ್ನು ಕಟ್ಟಿಸಿದನು. ಗೋಪುರಗಳ ದೀಪಗಳು ರಾತ್ರಿಯಲ್ಲಿ ನಾವಿಕರಿಗೆ ದಾರಿ ತೋರುತ್ತಿದ್ದವು.

1876ರ ಒಪ್ಪಂದದಿಂದ ವೆನ್‌ಝೌ ಬಂದರು ವಿದೇಶೀಯರಿಗೆ ತೆರೆಯಿತು. 1894ರಲ್ಲಿ ಬ್ರಿಟಿಷರು ಪೂರ್ವಗೋಪುರದ ಬುಡದಲ್ಲಿಯೇ ದೂತಾವಾಸದ ಕಟ್ಟಡವನ್ನೆತ್ತಿದರು. ಆರು ಮುಖಗಳ, ಏಳು ಅಂತಸ್ತುಗಳ ಆ ಗೋಪುರದ ಸೂರುಗಳಲ್ಲಿ ಹಕ್ಕಿಗಳು ನೆಲೆಸಿದ್ದವು. ಅವುಗಳ ಕಲರವ ದೂತಾವಾಸದವರಿಗೆ ಸಹ್ಯವಾಗಲಿಲ್ಲ. ಅವರ ಒತ್ತಾಯಕ್ಕೆ ಮಣಿದು ಹೊರಗಿನ ಸೂರುಗಳನ್ನೂ ಒಳಗಿನ ಮೆಟ್ಟಿಲುಗಳನ್ನೂ ಕಿತ್ತುಹಾಕಲಾಯಿತೆಂದು ಸ್ಥಳೀಯ ಇತಿಹಾಸ ಹೇಳುತ್ತದೆ. ಉಳಿದುದು ಇಟ್ಟಿಗೆಯ ಟೊಳ್ಳು ಕಂಬ ಮಾತ್ರ.

ಇದನ್ನು ವಾಸ್ತುವಿನ ಹಾನಿಯೆಂದು ಎಣಿಸುವವರುಂಟು; ನೆಲೆಗೆಟ್ಟ ಪಕ್ಷಿಗಳ ಲೆಕ್ಕವಿಟ್ಟವರಿಲ್ಲ. ಆ ಪಂಚೇಂದ್ರಿಯ ಜೀವಿಗಳ ಮೇಲೆ ಯಾರೂ ಬಾಣ ಬಿಡಲಿಲ್ಲ, ಯಾರಿಗೂ ಅವುಗಳ ಮೇಲೆ ದ್ವೇಷವೂ ಇದ್ದಿರಲಾರದು. ತಮ್ಮ ನೆಮ್ಮದಿಯ ಬಯಕೆಯೊಂದೇ ಸಾಕಾಯಿತು. ಜೈನಾಚಾರ್ಯರು ಹಿಂಸೆಯ ಬೇರನ್ನು ಆಯುಧದಲ್ಲಿ ಅರಸದೆ ಪ್ರಮಾದದಲ್ಲಿ ಗುರುತಿಸಿದ್ದು ಇಂಥ ನಡತೆಯನ್ನು ಕಂಡೇ ಇರಬೇಕು.

ದೂತಾವಾಸ ಮುಚ್ಚಿ ಬಹುಕಾಲವಾಯಿತು. ಛಾವಣಿಯಿಲ್ಲದ ಗೋಪುರದ ನೆತ್ತಿಯಲ್ಲಿ ಆಲದ ಜಾತಿಯ ಮರವೊಂದು ಇಟ್ಟಿಗೆಯ ಸಂದುಗಳಲ್ಲೇ ಬೇರೂರಿ, ಹಸಿರು ಕೊಡೆಯಂತೆ ಹರಡಿ ನಿಂತಿದೆ. ಇಂಥ ಮರಗಳ ಬೀಜವನ್ನು ಅಷ್ಟೆತ್ತರಕ್ಕೆ ಒಯ್ಯುವವು ಸಾಮಾನ್ಯವಾಗಿ ಹಕ್ಕಿಗಳೇ.